ಬಿಟ್ಟುಹೋದ ‘ಅಂತೆ’

ಕಚೇರಿಯಲ್ಲಿ ಅವನಿಗೆ ‘ಎರಡು ದೋಣಿ’ ಎಂಬ ಹೆಸರು ಬಿದ್ದು ಎಷ್ಟೋ ಕಾಲವಾಗಿತ್ತು. ಪ್ರತಿ ಶನಿವಾರ ಬರುವ ಒಂದು ಪುಟ ಅವನದು. ವಿಜ್ಞಾನವನ್ನೂ ಧರ್ಮವನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ ಮಾತಾಡಿಸುವ ಕೆಲಸ. ವಿಜ್ಞಾನಿಗಳು ಅವನನ್ನು ಭಕ್ತರ ಬಾಲ ಎನ್ನುತ್ತಿದ್ದರು, ಭಕ್ತರು ದೇವರನ್ನು ಅಳೆಯಲು ಹೊರಟವನು ಎನ್ನುತ್ತಿದ್ದರು. ಎರಡು ಕಡೆಯಿಂದಲೂ ಸರಿಸಮನಾಗಿ ಬೈಗುಳ ಬಂದ ವಾರ ಪುಟ ಚೆನ್ನಾಗಿ ಬಂದಿದೆ ಎಂದು ಅವನು ತಿಳಿಯುತ್ತಿದ್ದ. ಎರಡು ದೋಣಿಯಲ್ಲಿ ಕಾಲಿಟ್ಟವನು ನೀರಿಗೆ ಬೀಳುವುದು ಯಾವಾಗಪ್ಪಾ ಎಂದು ಮುಖ್ಯ ಉಪಸಂಪಾದಕ ಆಗಾಗ ಕೆಣಕುತ್ತಿದ್ದ. ಈಜು ಬರುತ್ತದೆ ಬಿಡಿ ಎಂದು ಇವನು ನಗುತ್ತಿದ್ದ.

ಅವನ ಮೇಜು ಇದ್ದದ್ದು ಕಚೇರಿಯ ಹಿಂಭಾಗದಲ್ಲಿ, ಏಸಿಯ ನೀರು ತೊಟ್ಟಿಕ್ಕುವ ಬಕೆಟ್ಟಿನ ಪಕ್ಕ. ಬರೆಯಲು ಕೂರುವ ಮುನ್ನ ಒಂದು ಕ್ಷಣ ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದ. ಅದು ಪ್ರಾರ್ಥನೆಯೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಕೇಳುತ್ತಿರಲಿಲ್ಲ. ಅವನ ಬರವಣಿಗೆಗೆ ಒಂದು ಕ್ರಮವಿತ್ತು. ಮೊದಲು ನಂಬುವವರ ಮಾತು, ಪೂರ್ತಿಯಾಗಿ, ಎಲ್ಲೂ ಕೊಂಕಿಲ್ಲದೆ. ಪುಟದ ಕೆಳಗಿನ ಅರ್ಧದಲ್ಲಿ ವಿಜ್ಞಾನದ ಉತ್ತರ. ಮನೆಗೆ ಬಂದವರನ್ನು ಕೂರಿಸಿ ನೀರು ಕೊಟ್ಟ ಮೇಲಲ್ಲವೇ ‘ನಿಮ್ಮ ಮಾತು ಸರಿಯಲ್ಲ’ ಎನ್ನುವುದು ಎಂದು ಅವನ ವಾದ.

ಆ ಪುಟವನ್ನು ತಪ್ಪದೆ ಓದುವವರು ಎಷ್ಟು ಮಂದಿಯೋ, ಅವನ ಅಕ್ಕನಂತೂ ಓದುತ್ತಿದ್ದಳು. ತಾಯಿ ತೀರಿಕೊಂಡ ಮೇಲೆ ಹೊಲಿಗೆ ಯಂತ್ರ ತುಳಿದು ಅವನನ್ನು ಓದಿಸಿದವಳು. ಈಗಲೂ ಇಬ್ಬರೂ ಒಂದೇ ಮನೆಯಲ್ಲಿದ್ದರು. ಮುಂದಿನ ಕೋಣೆಯಲ್ಲಿ ಅವಳ ಯಂತ್ರ, ಗೋಡೆಗೆ ನೇತು ಹಾಕಿದ ಅರ್ಧ ಹೊಲಿದ ಬಟ್ಟೆಗಳು. ಒಳಗಿನ ಕೋಣೆಯಲ್ಲಿ ಅವನ ಪುಸ್ತಕಗಳು. ತಾಯಿ ಸಂಜೆ ಪದ್ಯ ಹಾಡಿ ಅರ್ಥ ಹೇಳುತ್ತಿದ್ದುದನ್ನು ಕೇಳುತ್ತ ಬೆಳೆದ ಅಕ್ಕನಿಗೆ ರಾಗವಿಲ್ಲದೆ ಓದಲು ಬರುತ್ತಿರಲಿಲ್ಲ. ಗುರುತ್ವಾಕರ್ಷಣೆ, ಜೀವಕೋಶ, ಬೆಳಕಿನ ವೇಗ, ಎಲ್ಲವೂ ಅವಳ ಬಾಯಲ್ಲಿ ಪದ್ಯವಾಗುತ್ತಿದ್ದವು. ಗಿರಾಕಿಗಳು ಬಂದರೆ ಅಳತೆ ತೆಗೆಯುತ್ತಲೇ, ನಮ್ಮ ಹುಡುಗ ಬರೆದದ್ದು ಎಂದು ಎರಡು ಸಾಲು ಹಾಡಿ ತೋರಿಸುತ್ತಿದ್ದಳು.

ಅವಳ ಎದೆಯಲ್ಲಿ ಗಡ್ಡೆಯೊಂದು ಕಾಣಿಸಿಕೊಂಡದ್ದನ್ನು ಅವಳು ಬಹಳ ದಿನ ಹೇಳಲಿಲ್ಲ. ಹೇಳಿದಾಗಲೂ ತಡವಾಗಿರಲಿಲ್ಲ. ಚಿಕ್ಕದಿದೆ, ಈಗಲೇ ತೆಗೆದರೆ ಗುಣವಾಗುತ್ತದೆ, ಸೋಮವಾರವೇ ಬನ್ನಿ ಎಂದು ಶಸ್ತ್ರವೈದ್ಯೆ ನೇರವಾಗಿ ಹೇಳಿದ್ದರು. ಅಕ್ಕ ತಲೆಯಾಡಿಸಿ ಬಂದಳು. ಆದರೆ ಕತ್ತಿಯೆಂದರೆ ಅವಳಿಗೆ ಜೀವಭಯ. ತಾಯಿ ಸತ್ತದ್ದು ಆಪರೇಷನ್ ಮೇಜಿನ ಮೇಲೆ. ಪ್ರಾರ್ಥನೆಗೆ ಸೇರುವ ಹೆಂಗಸರು ಬೇರೆ, ಯಾರದೋ ಗಡ್ಡೆ ಪ್ರಾರ್ಥನೆಯಲ್ಲೇ ಕರಗಿತು ಎಂದು ಅವಳ ಕಿವಿಯಲ್ಲಿ ಊದಿದ್ದರು. ಎದುರು ಕೂತು ಹೇಳಲಾರದ್ದನ್ನು ಪುಟದಲ್ಲಿ ಹೇಳುವುದು ತಮ್ಮನ ಹಳೆಯ ಅಭ್ಯಾಸ. ಆ ವಾರ ಅದನ್ನೇ ವಿಷಯ ಮಾಡಿಕೊಂಡ. ಮೇಲಿನ ಅರ್ಧದಲ್ಲಿ ಆ ಹೆಂಗಸರ ಮಾತು, ಅವರ ದನಿಯಲ್ಲೇ. ಕೆಳಗಿನ ಅರ್ಧದಲ್ಲಿ ವೈದ್ಯರ ಮಾತು: ಪ್ರಾರ್ಥನೆ ಮನಸ್ಸಿಗೆ ಬಲ ಕೊಡುತ್ತದೆ, ಗಡ್ಡೆಯನ್ನು ಕರಗಿಸಿದ್ದಕ್ಕೆ ಸಾಕ್ಷಿ ಇಲ್ಲ, ಪ್ರಾರ್ಥಿಸುತ್ತಲೇ ಆಸ್ಪತ್ರೆಗೆ ಹೋಗಿ. ಕೊನೆಯ ಸಾಲನ್ನು ಅಕ್ಕನ ರಾಗಕ್ಕೆ ಕೂರುವಂತೆ ತಿದ್ದಿ ತಿದ್ದಿ ಬರೆದಿದ್ದ. ಶೀರ್ಷಿಕೆ: ‘ಪ್ರಾರ್ಥನೆಗೆ ಗಡ್ಡೆ ಕರಗುತ್ತದಂತೆ’.

ಶುಕ್ರವಾರ ಅವನು ಹಾಸಿಗೆ ಗೊತ್ತುಮಾಡಲು ಆಸ್ಪತ್ರೆಗೆ ಹೋಗಿದ್ದಾಗ ಕಚೇರಿಗೆ ಜಾಹೀರಾತೊಂದು ಬಂತು. ಮುಖ್ಯ ಉಪಸಂಪಾದಕ ಎಲ್ಲರೂ ಮಾಡುವಂತೆಯೇ ಮಾಡಿದ. ಸುದ್ದಿಯನ್ನು ಕತ್ತರಿಸುವುದು ಯಾವಾಗಲೂ ಕೆಳಗಿನಿಂದ. ಮುಖ್ಯವಾದದ್ದು ಮೇಲಿರುತ್ತದೆ ಎಂಬುದು ಪತ್ರಿಕೆಯವರ ಲೆಕ್ಕ. ಕೆಳಗಿನ ಅರ್ಧ ಹಾರಿಹೋಗಿ ಅಲ್ಲಿ ಮಂಚದ ಜಾಹೀರಾತು ಕೂತಿತು. ಇನ್ನು ಶೀರ್ಷಿಕೆ. ಪತ್ರಿಕೆಯಲ್ಲಿ ಅಂತೆಕಂತೆಗಳು ಬೇಡ ಎಂಬುದು ಮುಖ್ಯ ಉಪಸಂಪಾದಕ ಹೊಸಬರಿಗೆಲ್ಲ ಹೇಳಿಕೊಡುತ್ತಿದ್ದ ಮೊದಲ ಪಾಠ. ಒಂದು ‘ಅಂತೆ’ಯನ್ನು ತೆಗೆದ. ಶನಿವಾರದ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬಂದದ್ದು ‘ಪ್ರಾರ್ಥನೆಗೆ ಗಡ್ಡೆ ಕರಗುತ್ತದೆ’. ಅದರ ಕೆಳಗೆ ತಮ್ಮನ ಹೆಸರು.

ಸೋಮವಾರ ಅಕ್ಕ ಹೊರಡಲಿಲ್ಲ. ಯಂತ್ರದ ಮುಂದೆ ಕೂತು ಅಂಚು ಹೊಲಿಯುತ್ತಿದ್ದಳು, ಎಷ್ಟೋ ದಿನಗಳ ಮೇಲೆ ಮುಖದಲ್ಲಿ ಕಳೆ ಬಂದಿತ್ತು. ನೀನೇ ಬರೆದಿದ್ದೀಯಲ್ಲ, ಬಾಯಿಬಿಟ್ಟು ಹೇಳೋಕೆ ನಾಚಿಕೆಯೇನೋ ಎಂದು ನಕ್ಕಳು. ಅವನು ಜಾಹೀರಾತಿನ ಕಥೆ ಹೇಳಿದ, ಕಂಪ್ಯೂಟರಿನಲ್ಲಿದ್ದ ಪೂರ್ತಿ ಬರಹವನ್ನು ತೋರಿಸಿದ. ಅವಳು ಅರ್ಧ ಓದಿ ಸಾಕೆಂದು ಯಂತ್ರದತ್ತ ತಿರುಗಿದಳು. ಅಚ್ಚಾಗದೆ ಉಳಿದದ್ದು ಅವಳ ಪಾಲಿಗೆ ಬರಹವೇ ಅಲ್ಲ. ಯಾರೋ ಹೆದರಿಸಿದ್ದಾರೆ, ಅದಕ್ಕೆ ಹಿಂದೆ ಸರಿಯುತ್ತಿದ್ದಾನೆ ಎಂದುಕೊಂಡಳು.

ಅವನು ಮುಖ್ಯ ಉಪಸಂಪಾದಕನ ಬಳಿ ಹೋಗಿ ಜೀವಮಾನದಲ್ಲಿ ಮೊದಲ ಬಾರಿ ಕೂಗಾಡಿದ. ಉಪಸಂಪಾದಕನೂ ಪಾಪ, ಬಿಳಿಚಿಹೋದ. ಮುಂದಿನ ಶನಿವಾರ ತಿದ್ದುಪಡಿ ಬಂತು: ‘ಕರಗುತ್ತದೆ’ ಎಂಬುದನ್ನು ‘ಕರಗುತ್ತದಂತೆ’ ಎಂದು ಓದಿಕೊಳ್ಳಬೇಕು. ಅಷ್ಟೇ. ಹೆಚ್ಚಿಗೆ ಬರೆದರೆ ಪತ್ರಿಕೆಯ ಮರ್ಯಾದೆ ಹೋಗುತ್ತದೆ ಎಂದು ಮೇಲಿನವರು ಒಪ್ಪಲಿಲ್ಲ.

ಅವನು ಅದನ್ನೇ ಮಡಚಿ ಅಕ್ಕನ ಮುಂದೆ ಹಿಡಿದ. ಅವಳು ರಾಗದಲ್ಲೇ ಓದಿದಳು.

“ಇದರಲ್ಲೇನೋ ತಪ್ಪು? ಅಮ್ಮ ಅರ್ಥ ಹೇಳೋವಾಗ ಹೀಗೇ ಹೇಳ್ತಿದ್ದಳಲ್ಲ. ಕಡಲು ದಾರಿ ಬಿಡ್ತಂತೆ, ಕುರುಡನಿಗೆ ಕಣ್ಣು ಬಂತಂತೆ ಅಂತ. ಅಮ್ಮ ಏನು ಸುಳ್ಳು ಹೇಳ್ತಿದ್ದಳಾ?”

ಅವನ ಕಚೇರಿಯಲ್ಲಿ ‘ಅಂತೆ’ ಎಂದರೆ ಅನುಮಾನ. ಈ ಮನೆಯಲ್ಲಿ ಅದು ಹಿರಿಯರ ಬಾಯಿಂದ ಬಂದ ಸತ್ಯ.

ಅಕ್ಕ ಸೂಜಿಗೆ ದಾರ ಪೋಣಿಸುವುದನ್ನು ನಿಲ್ಲಿಸಿ ಅವನನ್ನೇ ನೋಡಿದಳು. ಅವಳ ಭಯ ಆಗ ಮಾತ್ರ ಒಂದಿಷ್ಟು ಹೊರಗೆ ಬಂತು.

“ಸರಿ, ಬೇರೆ ಏನೂ ಬೇಡ. ದೇವರ ಕೈಲಿ ಆಗಲ್ಲ ಅಂತ ಒಂದೇ ಮಾತು ಹೇಳು. ನಿನ್ನ ಮಾತು ನಂಬಿ ನಾಳೆನೇ ಆಸ್ಪತ್ರೆಗೆ ಬಂದು ಮಲಗ್ತೀನಿ.”

ಒಂದು ಮಾತು. ಹೇಳಿಬಿಡಬಹುದಿತ್ತು. ಬೆಳಿಗ್ಗೆ ತಾನೇ ಅವಳಿಗಾಗಿ ಬೇಡಿಕೊಂಡ ಬಾಯಿ ಅದು. ಆಗುವುದಿಲ್ಲ ಎಂದರೆ ದೇವರಿಗೆ ಅಪಚಾರ, ಆಗುತ್ತದೆ ಎಂದರೆ ಅಕ್ಕನಿಗೆ. ಇಷ್ಟು ವರ್ಷ ಅಳೆದು ತೂಗಿ ಬರೆದ ನಾಲಿಗೆ ಅಲ್ಲೂ ತೂಗಲು ಹೊರಟಿತು.

“ಆಗಲ್ಲ ಅಂತಲ್ಲ ಅಕ್ಕಾ... ಆದ್ರೆ...”

‘ಆದ್ರೆ’ಯ ಮುಂದಿನದನ್ನು ಅವಳು ಕೇಳಲಿಲ್ಲ. ಮುಖ ಅರಳಿತು. ಯಂತ್ರದ ಚಕ್ರ ಮತ್ತೆ ತಿರುಗತೊಡಗಿತು.

ಆಮೇಲೆ ಅವನು ಮಾಡದ ಪ್ರಯತ್ನವಿಲ್ಲ. ಶಸ್ತ್ರವೈದ್ಯೆಯಿಂದ ಫೋನ್ ಮಾಡಿಸಿದ, ಸಿಟ್ಟು ಮಾಡಿದ, ಊಟ ಬಿಟ್ಟು ಕೂತ. ಊಟ ಬಿಟ್ಟರೆ ನಿನಗೇ ಅಸಿಡಿಟಿ ಎಂದು ಅವಳು ಗದರಿಸಿ ತಟ್ಟೆ ಇಟ್ಟಳು. ಪ್ರಾರ್ಥನೆಯ ಹೆಂಗಸರು ಅವನನ್ನು ಕಂಡರೆ ಕೈಮುಗಿಯತೊಡಗಿದರು. ಶನಿವಾರದ ಪುಟ ನಿಲ್ಲಲಿಲ್ಲ. ಅಷ್ಟು ಓದುಗರು ಅದಕ್ಕೆ ಹಿಂದೆಂದೂ ಇರಲಿಲ್ಲ.

ಅವಳಾಗಿಯೇ ಆಸ್ಪತ್ರೆಗೆ ಹೋಗೋಣವೆಂದದ್ದು ತೋಳು ಊದಿಕೊಂಡು ಯಂತ್ರ ಓಡಿಸಲಾಗದಂತಾದ ಮೇಲೆ. ಶಸ್ತ್ರವೈದ್ಯೆ ಅವಳನ್ನು ಪರೀಕ್ಷಿಸಿದರು, ಸ್ಕ್ಯಾನಿನ ಚಿತ್ರಗಳನ್ನು ಬೆಳಕಿಗೆ ಹಿಡಿದು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಇನ್ನೂ ಏನೋ ಮಾಡಬಹುದು ಎಂದಾಗುತ್ತಿತ್ತು. ನೋವು ಕಡಿಮೆಯಾಗುವುದಕ್ಕೆ ಬರೆದುಕೊಡುತ್ತೇನೆ, ಬೇಕೆನಿಸಿದ್ದು ತಿನ್ನಲಿ ಎಂದರು.

ಔಷಧದ ಸರದಿಗೆ ಕಾಯುತ್ತ ಇಬ್ಬರೂ ಹೊರಗಿನ ಬೆಂಚಿನಲ್ಲಿ ಕೂತರು. ಅಕ್ಕ ಅಳಲಿಲ್ಲ. ಪಕ್ಕದಲ್ಲಿ ಗಂಡನ ಎಕ್ಸ್‌ರೇ ಕವರು ಹಿಡಿದು ಒಬ್ಬಳು ಹೆಂಗಸು ಕೂತಿದ್ದಳು. ಬೆಂಚಿನ ಮೇಲೆ ಮಾತು ಹುಟ್ಟುವುದಕ್ಕೆ ಎಷ್ಟು ಹೊತ್ತು ಬೇಕು. ನಿಮ್ಮ ಮಗನಾ ಎಂದು ಅವಳು ಕೇಳಿದಳು. ತಮ್ಮ, ಶನಿವಾರದ ಪುಟ ಬರೆಯುವವನು ಎಂದಳು ಅಕ್ಕ. ಆ ಸ್ಥಿತಿಯಲ್ಲೂ ದನಿಯಲ್ಲಿ ಒಂದಿಷ್ಟು ಹೆಮ್ಮೆಯಿತ್ತು. ಹೆಂಗಸು ಅವನ ಕಡೆಗೆ ತಿರುಗಿದಳು. ಅವಳ ಗಂಡನಿಗೂ ಗಡ್ಡೆ, ಅವನೂ ಆ ‘ಕರಗುತ್ತದೆ’ ಪುಟ ಓದಿದ್ದ. ಕತ್ತರಿಸಿ ದಿಂಬಿನ ಕೆಳಗೆ ಇಟ್ಟುಕೊಂಡಿದ್ದ. ಡಾಕ್ಟರು ಎಷ್ಟು ಕರೆದರೂ ಅವನು ಬರುತ್ತಿಲ್ಲ, ಅದಕ್ಕೆ ಅವಳೊಬ್ಬಳೇ ಬಂದಿದ್ದಳು.

“ಕರಗುತ್ತೆ ಅಲ್ವಾ ಅಣ್ಣಾ?”

“ಇಲ್ಲಮ್ಮ, ಕರಗಲ್ಲ,” ಎಂದ ಅವನು. “ದೇವರೂ ಕರಗಿಸಲ್ಲ. ಇವತ್ತೇ ಕರ್ಕೊಂಡು ಬನ್ನಿ.”

ಮಾತು ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವನೇ ಬೆಚ್ಚಿದ. ಹೆಂಗಸು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬರೆದವರು ಇವರಲ್ಲ ಬಿಡಿ, ಅವರು ಹೀಗೆಲ್ಲ ಮಾತಾಡೋರಲ್ಲ ಎಂದು ಅಕ್ಕನಿಗೆ ಹೇಳಿ, ಕವರನ್ನು ಎದೆಗವಚಿಕೊಂಡು ಬೆಂಚಿನ ಆ ತುದಿಗೆ ಸರಿದಳು.

ಅಕ್ಕ ರಾಗವಿಲ್ಲದೆ, ಮೆಲ್ಲಗೆ ಹೇಳಿದಳು.

“ಈ ಮಾತು ನಿನಗೆ ಬರ್ತಿತ್ತಲ್ಲೋ.”