ಕತ್ತರಿಸದ ಅಂಚು

"ರೀ, ನೀವು ಇಲ್ಲಿದ್ದೀರಿ," ಅಂದಳು ಹೆಂಡತಿ.

ಬೈಂಡರ್ ತಲೆ ಎತ್ತಲಿಲ್ಲ. ಆರನೆಯ ಸಂಪುಟದ ಬೆನ್ನಿಗೆ ಅಂಟು ಸವರುತ್ತಿದ್ದ. ಅಂಟು ಹಚ್ಚುವಾಗ ಪಕ್ಕದ ಅಂಗಡಿಗೆ ಬೆಂಕಿ ಬಿದ್ದರೂ ತಿರುಗಿ ನೋಡುವ ಪೈಕಿ ಅಲ್ಲ ಅವನು. "ಇಲ್ಲಿರದೆ ಇನ್ನೆಲ್ಲಿಗೆ ಹೋಗ್ಲಿ?" ಎಂದ.

"ಅಯ್ಯೋ, ಹಾಗಲ್ಲ. ಈ ಕಟ್ಟಿನೊಳಗೆ. ನಿಮ್ಮ ಫೋಟೋ ಇದೆ ನೋಡಿ."

ಅದು ಬ್ಯಾಂಕಿನಿಂದ ಬಂದ ಏಳನೆಯ ಕಟ್ಟು. ವರ್ಷ ಮುಗಿಯುತ್ತಿದ್ದಂತೆ, ಕಥೆ ಮುಗಿದ ಸಾಲದ ಅರ್ಜಿಗಳನ್ನೆಲ್ಲ ಬ್ಯಾಂಕಿನವರು ಅವನ ಅಂಗಡಿಗೆ ಕಳಿಸುತ್ತಿದ್ದರು. ಹೊಲಿದು, ಅಂಚು ಕತ್ತರಿಸಿ, ರಟ್ಟು ಹಾಕಿ ಹನ್ನೆರಡು ಸಂಪುಟ ಮಾಡಿಕೊಡಬೇಕು. ಹಾಳೆ ಎಣಿಸಿ ಜೋಡಿಸುವುದು ಹೆಂಡತಿಯ ಪಾಲಿನ ಕೆಲಸ. ಮೂವತ್ತು ವರ್ಷಗಳಲ್ಲಿ ಅವನು ಊರಿನ ಅರ್ಧ ಕಾಗದಪತ್ರಗಳಿಗೆ ರಟ್ಟು ಹಾಕಿದ್ದ, ಆದರೆ ಒಂದನ್ನೂ ಓದಿರಲಿಲ್ಲ. ಬೇರೆಯವರ ಕಾಗದ ಓದುವುದೂ ಬೇರೆಯವರ ಕಿಟಕಿಯಲ್ಲಿ ಇಣುಕುವುದೂ ಅವನ ಲೆಕ್ಕದಲ್ಲಿ ಒಂದೇ. ಹೆಂಡತಿಗೆ ಅಂಥ ಮಡಿವಂತಿಕೆ ಇರಲಿಲ್ಲ. ಯಾರು ಬೇಕರಿ ಇಡಲು ಹೊರಟಿದ್ದರು, ಯಾರು ಹೊಲಿಗೆ ಮಷೀನಿಗೆ ಕೈಚಾಚಿದ್ದರು ಎಂದು ಎಣಿಸುತ್ತಲೇ ಓದಿ ಹೇಳುತ್ತಿದ್ದಳು. ಅವನು ಕೇಳಿಸಿಕೊಳ್ಳದವನಂತೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ.

ಕೈ ಒರೆಸಿಕೊಂಡು ಬಂದು ನೋಡಿದ. ಅವನದೇ ಅರ್ಜಿ. ಫೋಟೋದಲ್ಲಿ ಯಾರೋ ಆಗಷ್ಟೇ ಗದರಿಸಿದ ಹಾಗೆ ಮುಖ ಮಾಡಿಕೊಂಡಿದ್ದ. ಎಂಟು ತಿಂಗಳ ಹಿಂದೆ, ಸಣ್ಣ ಕಸುಬಿನವರ ಸಾಲಕ್ಕೆ ಸರ್ಕಾರವೇ ಜಾಮೀನು ನಿಲ್ಲುತ್ತದೆ, ಏನನ್ನೂ ಅಡವಿಡಬೇಕಿಲ್ಲ ಎಂದು ಕೇಳಿ ಹಾಕಿದ್ದ ಅರ್ಜಿ ಅದು. ಅವನು ಕೇಳಿದ್ದು ಒಂದು ಕಟಿಂಗ್ ಮಷೀನು. ಇಷ್ಟು ವರ್ಷ ಕೈಚೂರಿಯಲ್ಲೇ ಕತ್ತರಿಸಿ ಕತ್ತರಿಸಿ ಅವನ ಬಲ ಭುಜ ಸೋತುಹೋಗಿತ್ತು. ಅಂಗಿ ತೊಡುವಾಗ ತೋಳು ತೂರಿಸಲು ಹೆಂಡತಿ ಬೇಕು. ಇನ್ನೊಂದು ವರ್ಷ ಹೀಗೇ ಎಳೆದರೆ ಕೈ ಮೇಲೇಳುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಪ್ರತಿ ತಿಂಗಳೂ ಬ್ಯಾಂಕಿಗೆ ಹೋಗಿ ಬೆಂಚಿನ ಮೇಲೆ ಕೂತು ಬಂದಿದ್ದ. ಸಾಲದ ವಿಭಾಗದ ಮೇಡಂ ಪ್ರತಿ ಸಲವೂ, "ಮೇಲೆ ಹೋಗಿದೆ, ಬರುತ್ತೆ" ಎನ್ನುತ್ತಿದ್ದರು.

"ಮೇಲೆ ಹೋಗಿದೆ ಅಂದ್ರಲ್ಲ, ಮೇಲಿಂದ ಸೀದಾ ನಮ್ಮ ಮನೆಗೇ ಇಳಿದಿದೆ," ಅಂದಳು ಹೆಂಡತಿ. ನಗಲು ಹೋದಳು, ಆಗಲಿಲ್ಲ.

ಅರ್ಜಿಯ ಮೇಲೆ ಕೆಂಪು ಮೊಹರು: ಅವಧಿ ಮೀರಿದೆ, ಮುಕ್ತಾಯ. ಬಲ ಅಂಚಿನಲ್ಲಿ, ಹಾಳೆಯ ತುದಿಗೆ ತಾಗಿದಂತೆ ಪೆನ್ಸಿಲಿನ ಒಂದು ಸಾಲು. ಹೆಂಡತಿ ಅದನ್ನು ಎರಡು ಸಲ ಓದಿದಳು. "ಅಂಗಡಿ ಪರವಾನಗಿಯ ಪ್ರತಿ ಇಲ್ಲ. ಅರ್ಜಿದಾರರಿಗೆ ತಿಳಿಸಿ." ಕೆಳಗೆ ಏಳು ತಿಂಗಳ ಹಿಂದಿನ ತಾರೀಕು.

ಇಬ್ಬರೂ ಗೋಡೆಯ ಕಡೆ ನೋಡಿದರು. ಪರವಾನಗಿ ಅಲ್ಲೇ ಮೊಳೆಗೆ ನೇತಾಡುತ್ತಿತ್ತು. ಹಾಳಾಗಬಾರದೆಂದು ಅವನೇ ಅದನ್ನು ದಪ್ಪ ರಟ್ಟಿಗೆ ಅಂಟಿಸಿ, ಸುತ್ತ ಬಟ್ಟೆಯ ಪಟ್ಟಿ ಕಟ್ಟಿದ್ದ.

"ಒಂದು ಮಾತು ಹೇಳಿದ್ರೆ ಅವತ್ತೇ ತಗೊಂಡು ಹೋಗಿ ಕೊಡ್ತಿದ್ವಿ," ಅಂದಳು. "ಏಳು ತಿಂಗಳು! ಈ ಹಾಳೆ ಕಿತ್ತು ತಗೊಂಡು ಹೋಗಿ ಅವರ ಮೇಜಿನ ಮೇಲೆ ಕುಕ್ಕಿ ಬನ್ನಿ."

"ಎಣಿಸಿ ಕೊಟ್ಟಿದ್ದಾರೆ ಕಣೇ. ಒಂದು ಹಾಳೆ ಕಮ್ಮಿ ಆದ್ರೆ ಮುಂದಿನ ವರ್ಷ ಈ ಕೆಲಸಾನೂ ಇರಲ್ಲ."

"ಹಾಗಾದ್ರೆ ಸುಮ್ನೆ ಹೊಲಿದುಬಿಡ್ತೀರಾ?"

ಅವನಿಗೆ ಸಿಟ್ಟು ಬಂದಿತ್ತು. ಆದರೆ ಸಿಟ್ಟು ಮಾಡಲೂ ಸ್ವಲ್ಪ ಕಸುವು ಬೇಕು. ಅವನು ಸ್ಟೂಲಿನ ಮೇಲೆ ಕೂತು ಆ ಪೆನ್ಸಿಲಿನ ಸಾಲನ್ನೇ ನೋಡಿದ. ಚೂರಿ ಓಡುವುದು ಸರಿಯಾಗಿ ಅದರ ಮೇಲೇ. ಕತ್ತರಿಸಿದರೆ ಮೊಹರು ಉಳಿಯುತ್ತದೆ, ಸಾಲು ಚೂರುಪಾರಿನ ಜೊತೆ ಕಸಕ್ಕೆ ಹೋಗುತ್ತದೆ. ಯಾರೋ ಒಬ್ಬ ಅರ್ಜಿ ಹಾಕಿ ಸುಮ್ಮನಾದ ಎಂದಷ್ಟೇ ಉಳಿಯುತ್ತದೆ.

ಕಸುಬು ಕಲಿಸಿದ ಸೋದರಮಾವ ಒಂದು ಕ್ರಮ ಹೇಳಿಕೊಟ್ಟಿದ್ದ. ಅಂಚಿನಲ್ಲಿ ಏನಾದರೂ ಬರೆದಿದ್ದರೆ ಆ ಹಾಳೆಯ ತುದಿಯನ್ನು ಬೆರಳಗಲ ಒಳಕ್ಕೆ ಮಡಚಿ ಆಮೇಲೆ ಚೂರಿ ಹಾಕಬೇಕು. ಬರಹ ಉಳಿಯುತ್ತದೆ. ಮಡಿಕೆ ಬಿಚ್ಚಿದರೆ ಆ ಒಂದು ಹಾಳೆ ಮಾತ್ರ ಪುಸ್ತಕದಿಂದ ಹೊರಗೆ ಚಾಚುತ್ತದೆ. ಈಗ ಯಾರೂ ಇಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಅವನೂ ಎಷ್ಟೋ ವರ್ಷಗಳಿಂದ ಮಾಡಿರಲಿಲ್ಲ.

ಅಂಚನ್ನು ಒಳಕ್ಕೆ ಮಡಚಿ, ಉಗುರಿನಿಂದ ಒಮ್ಮೆ ನೀವಿದ. ಹೊಲಿದ. ಕಟ್ಟನ್ನು ಪ್ರೆಸ್ಸಿಗೆ ಸಿಕ್ಕಿಸಿ ತಿರುಪು ಬಿಗಿದು ಚೂರಿ ಎಳೆದ. ಏಳನೆಯ ಸಂಪುಟಕ್ಕೆ ಮೂರು ಸಲ ಕೈ ಬಿಟ್ಟು ಸುಧಾರಿಸಿಕೊಳ್ಳಬೇಕಾಯಿತು. ಹನ್ನೆರಡೂ ಮುಗಿಯಲು ನಾಲ್ಕು ದಿನ ಹಿಡಿಯಿತು.

ಸಂಪುಟಗಳನ್ನು ಆಟೋಗೆ ತುಂಬುವಾಗ ಹೆಂಡತಿ ಅವನ ಕೈಗೆ ಒಂದು ಬಟ್ಟೆಯ ಚೀಲ ಕೊಟ್ಟಳು. ಒಳಗೆ ಪರವಾನಗಿ, ರಟ್ಟಿನ ಸಮೇತ. ಬೇಡ ಅನ್ನುವಷ್ಟೂ ಅವನಿಗೆ ತ್ರಾಣವಿರಲಿಲ್ಲ.

ಸಾಲದ ಮೇಡಂ ಮೇಜಿನ ಮೇಲಿನ ಫೈಲುಗಳ ಹಿಂದೆ ಅರ್ಧ ಮರೆಯಾಗಿದ್ದರು. ಅವರ ಕಣ್ಣೂ ನಿದ್ದೆಗೆಟ್ಟ ಕಣ್ಣೇ. ಸಂಪುಟಗಳನ್ನು ಒಂದೊಂದಾಗಿ ತೆರೆದು, ಹೊಲಿಗೆ ನೋಡಿ, ಪಟ್ಟಿಯಲ್ಲಿ ಗುರುತು ಹಾಕುತ್ತ ಬಂದರು. ಏಳನೆಯದು ಮಡಿಕೆ ಇದ್ದ ಕಡೆ ತಾನಾಗಿಯೇ ತೆರೆದುಕೊಂಡಿತು.

"ಇದೇನಿದು, ಹಾಳೆ ಮಡಚಿಕೊಂಡಿದೆ?" ಎಂದು ಬಿಡಿಸಿದರು. ಓದಿದರು. ಫೋಟೋ ನೋಡಿದರು, ಎದುರಿಗೆ ನಿಂತವನನ್ನು ನೋಡಿದರು.

"ಇದು ನಿಮ್ದಾ?"

"ಹೌದು ಮೇಡಂ."

"ಬರವಣಿಗೆ ನಂದೇ," ಎಂದರು. "ಬರೆದು ಗುಮಾಸ್ತರಿಗೆ ಕೊಟ್ಟಿದ್ದೆ. ಅವರು ಹೇಳಿರ್ತಾರೆ ಅಂದ್ಕೊಂಡೆ."

"ನಾನು ಪ್ರತಿ ತಿಂಗಳೂ ಬಂದಿದ್ದೆ ಮೇಡಂ."

ಚಾಚಿಕೊಂಡ ಅಂಚನ್ನು ಮೇಡಂ ಒಳಕ್ಕೆ ಒತ್ತಿ ಸಂಪುಟ ಮುಚ್ಚಿದರು. ಒತ್ತಿದ್ದು ಸರಿಯಾಗಿ ಕೂರದೆ ಅಂಚು ಮತ್ತೆ ಹೊರಗೆ ಬಂತು. ಇನ್ನೊಮ್ಮೆ ಒತ್ತಿದರು. ಆಮೇಲೆ ಅವರ ಕೈ ಪೆನ್ನಿನ ಡಬ್ಬಿಯಲ್ಲಿದ್ದ ಕತ್ತರಿಯ ಕಡೆ ಹೋಯಿತು. ಬೇಕೆಂದೇ ಹೋಯಿತೋ, ದಿನವಿಡೀ ಕಾಗದ ಒಪ್ಪ ಮಾಡುವ ಕೈ ತಾನಾಗಿ ಹೋಯಿತೋ ಹೇಳುವುದು ಕಷ್ಟ.

ಬೈಂಡರ್ ಸಂಪುಟದ ಮೇಲೆ ಅಂಗೈ ಊರಿದ. "ಬೇಡ ಮೇಡಂ. ಹಾಗೇ ಇರ್ಲಿ."

"ಅಸಹ್ಯವಾಗಿ ಕಾಣುತ್ತಲ್ರೀ."

"ಕಾಣ್ಲಿ."

ಅಷ್ಟು ಗಟ್ಟಿಯಾಗಿ ಹೇಳಬೇಕೆಂದು ಅವನೇನೂ ಎಣಿಸಿರಲಿಲ್ಲ. ಪಕ್ಕದ ಮೇಜಿನ ಗುಮಾಸ್ತ ತಿರುಗಿ ನೋಡಿ ಮತ್ತೆ ತಲೆ ತಗ್ಗಿಸಿದ. ಮೇಡಂ ಕತ್ತರಿ ಬಿಟ್ಟರು. ಡ್ರಾಯರಿನಿಂದ ಹೊಸ ಅರ್ಜಿ ತೆಗೆದರು.

"ಮುಗಿದಿದ್ದನ್ನ ತೆರೆಯೋಕೆ ಆಗಲ್ಲ. ಮೊದಲಿಂದ ಹಾಕ್ಬೇಕು. ಸಿಗುತ್ತೆ ಅಂತ ನಾನು ಮಾತು ಕೊಡಲ್ಲ. ಪರವಾನಗಿ ತಂದಿದ್ದೀರಾ?"

ಅವನು ಚೀಲದಿಂದ ರಟ್ಟು ತೆಗೆದು ಮೇಜಿನ ಮೇಲಿಟ್ಟ. ನೇತುಹಾಕುವ ದಾರ ಇನ್ನೂ ಅದರಲ್ಲೇ ಇತ್ತು. ಮೇಡಂ ಅದನ್ನು ತಿರುಗಿಸಿ ಮುರುಗಿಸಿ ನೋಡಿ ತಾವೇ ಜೆರಾಕ್ಸ್ ಮಷೀನಿನ ಹತ್ತಿರ ಒಯ್ದರು. ಮುಚ್ಚಳ ಪೂರ್ತಿ ಮುಚ್ಚಲಿಲ್ಲ. ಎರಡೂ ಕೈಯಿಂದ ಒತ್ತಿ ಹಿಡಿದು ನಿಂತರು.

ಅಲ್ಲಿಯವರೆಗೆ ಸುಮ್ಮನೆ ನಿಲ್ಲುವುದೇಕೆಂದು, ಪ್ರತಿ ವರ್ಷದಂತೆ ಅವನೇ ಸಂಪುಟಗಳನ್ನು ಬೀರುವಿಗೆ ಜೋಡಿಸಿದ. ಬಲಗೈ ಏಳದ್ದರಿಂದ ಎಡಗೈಯಲ್ಲೇ ಒಂದೊಂದಾಗಿ ಎತ್ತಿ, ಬೆನ್ನು ಒಳಗೆ, ಅಂಚು ಹೊರಗೆ ಮಾಡಿ ಇಟ್ಟ. ಹಿಂದಿನ ವರ್ಷಗಳಲ್ಲಿ ಅವನು ಎಂದೂ ಹಾಗೆ ಇಟ್ಟಿರಲಿಲ್ಲ. ಹನ್ನೆರಡು ಅಂಚುಗಳೂ ನೀಟಾಗಿ ಒಂದೇ ಸಾಲಿಗೆ ನಿಂತವು. ಏಳನೆಯದರಿಂದ ಮಾತ್ರ ಒಂದು ಹಾಳೆ ಬೆರಳಗಲ ಹೊರಗೆ ಚಾಚಿ, ತಲೆಯ ಮೇಲಿನ ಫ್ಯಾನಿನ ಗಾಳಿಗೆ ಮೆಲ್ಲಗೆ ಅಲುಗುತ್ತಿತ್ತು.