ಪಟ್ಟಿಯ ಕೆಳಗಿನ ಬಣ್ಣ

"ಈ ಬಣ್ಣ ಇಲ್ಲಿಗೆ ಹೇಗೆ ಬಂತು?"

ನನ್ನ ಪೇಂಟಿಂಗ್ ಷೆಡ್ಡಿನಲ್ಲಿ ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಚಿಕ್ಕಪ್ಪನ ಹಳೇ ಕಾರಿನ ಬಾಗಿಲಿಂದ ಅಲಂಕಾರದ ಪಟ್ಟಿಯನ್ನು ಆಗಷ್ಟೇ ಎಬ್ಬಿಸಿದ್ದೆ. ಕಾರೆಲ್ಲ ಬೂದಿ ಬಣ್ಣ. ಪಟ್ಟಿ ಕೂತಿದ್ದ ಜಾಗದಲ್ಲಿ ಮಾತ್ರ, ನಾಲ್ಕು ಬೆರಳಗಲ, ನವಿಲಿನ ಕುತ್ತಿಗೆಯ ಬಣ್ಣ.

ನೀಲಿಯೆಂದರೆ ನೀಲಿಯಲ್ಲ, ಹಸಿರೆಂದರೆ ಹಸಿರಲ್ಲ. ಅದನ್ನು ಬೆರೆಸಲು ಬರುತ್ತಿದ್ದುದು ನಮ್ಮಪ್ಪ ಒಬ್ಬರಿಗೇ. ಬೆರೆಸಿದ್ದೂ ಒಂದೇ ಸಲ, ಒಂದೇ ಡಬ್ಬ, ಒಬ್ಬ ಗಿರಾಕಿಯ ಆಸೆಗೆ. ಬೀದಿಯ ಪೇಂಟರುಗಳೆಲ್ಲ ಸುತ್ತ ನಿಂತು ನೋಡಿ ಬೆರಗಾಗಿದ್ದರು. ಮರುದಿನ ಡಬ್ಬ ಮಾಯ. "ಅಣ್ಣನೇ ಕದ್ದು ಮಾರ್ಕೊಂಡ" ಎಂದು ಪೇಂಟರ್ ಸಂಘದೆದುರು ಕೈಮುಗಿದು ಅತ್ತವನು ಚಿಕ್ಕಪ್ಪ. ಸಂಘ ಅಪ್ಪನ ಹೆಸರು ಹೊಡೆದುಹಾಕಿತು. ಇಬ್ಬರ ಅಂಗಡಿ ಒಬ್ಬನದಾಯಿತು. ಅಪ್ಪ ಸಾಯುವವರೆಗೆ ಗೋಡೆಗೆ ಸುಣ್ಣ ಬಳಿದರು, ಕಾರಿಗೆ ಮತ್ತೆ ಕೈ ಹಚ್ಚಲಿಲ್ಲ.

ಅಪ್ಪ ಬಣ್ಣ ಕಲಕುತ್ತಿದ್ದ ಕೋಲು ನನ್ನ ಹತ್ತಿರವಿದೆ. ಅದರ ತುದಿಯಲ್ಲಿ ಒಣಗಿ ಕೂತ ಕೊನೆಯ ಪದರವನ್ನು ಬಾಗಿಲಿಗೆ ಹಿಡಿದು ನೋಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಚಿಕ್ಕಪ್ಪ ಆಸೆಗೆ ಬಿದ್ದು ಕದ್ದ ಬಣ್ಣವನ್ನು ತನ್ನ ಕಾರಿಗೇ ಹೊಡೆದು ಪಟ್ಟಿ ಕೂರಿಸಿದ್ದ. ಆಮೇಲೆ ಹೆದರಿ ಮೇಲೆ ಬೂದಿ ಬಳಿದಿದ್ದ, ಪಟ್ಟಿ ಬಿಚ್ಚದೆ. ಅದು ಅವನ ಹಳೇ ಚಾಳಿ. "ಬಿಚ್ಚದೆ ಬಳೀಬೇಡ್ವೋ ಸೋಮಾರಿ" ಎಂದು ಅಪ್ಪ ಬೈದು ಬೈದು ಸೋತಿದ್ದರು.

ಪಟ್ಟಿಯಡಿ ಏನು ಉಳಿದಿದೆಯೆಂಬುದೇ ಮರೆತು, ಕಾರು ಬಿಟ್ಟು ಹೋಗುವಾಗ ಹೇಳಿದ್ದ: "ಸಂಘದೋರು ನಂಗೆ ಸನ್ಮಾನ ಮಾಡ್ತಾರಮ್ಮ. ಶನಿವಾರ ಮೂರು ಗಂಟೆಗೆ ಇಲ್ಲಿಗೇ ಬಂದು, ಇದೇ ಕಾರಲ್ಲಿ ಕರ್ಕೊಂಡು ಹೋಗ್ತಾರೆ. ಹಳೇ ಪಟ್ಟಿ ಕಿತ್ತು ಹೊಸದು ಹಾಕು, ನಿಂಗಿಷ್ಟ ಬಂದ ಬಣ್ಣ ಹೊಡಿ. ಗಾಡಿ ಎದ್ದು ಕಾಣ್ಬೇಕು."

"ಕಾಣೋ ಹಾಗೆ ಮಾಡ್ತೀನಿ ಚಿಕ್ಕಪ್ಪ" ಎಂದಿದ್ದೆ. ಆಗ ಆ ಮಾತಿನಲ್ಲಿ ವಿಷವಿರಲಿಲ್ಲ.

ಬೇಕೆಂದೇ ಎರಡು ಬೆರಳಗಲದ ಪಟ್ಟಿ ತಂದೆ. ಪಟ್ಟಿಯ ಸುತ್ತಲಿನ ಬೂದಿ ಬಿಟ್ಟು ಉಳಿದ ಕಾರನ್ನೆಲ್ಲ ಉಜ್ಜಿದೆ, ಪ್ರೈಮರ್ ಕೊಟ್ಟೆ, ಮೂರು ದಿನ ಬೆರೆಸಿ ಬೆರೆಸಿ ಕೋಲಿನ ತುದಿಗೆ ಹೊಂದಿಸಿದೆ. ತೆಳ್ಳಗೆ ಮೂರು ಕೋಟು, ಮೇಲೆ ಹೊಳಪಿಗೆ ಲ್ಯಾಕರ್. ಕನ್ನಡಿಯ ಬೆನ್ನು, ಕಿಟಕಿಯ ಅಂಚು, ಎಲ್ಲ ನವಿಲು. ಬಾಗಿಲಿನ ಬೂದಿಯ ನಡುವೆ ಹೊಸ ಪಟ್ಟಿಯ ಮೇಲೊಂದು ಬೆರಳು, ಕೆಳಗೊಂದು ಬೆರಳು, ಹಳೇ ಬಣ್ಣ ಬಯಲಾಗಿ ಉಳಿಯಿತು. ಅದಕ್ಕೆ ಪಾಲಿಶ್ ಮಾತ್ರ ಕೊಟ್ಟೆ. ಹೊಸದು ನನ್ನ ಕೈ ಎನ್ನಬಹುದು. ಬೂದಿಯಡಿಯಿಂದ ಇಣುಕುವುದು ಯಾರ ಕೈ?

ಶನಿವಾರ ಅಮ್ಮನನ್ನೂ ಕರೆತಂದು ಸ್ಟೂಲಿನ ಮೇಲೆ ಕೂರಿಸಿ, ಅಪ್ಪನ ಕೋಲನ್ನು ಮಡಿಲಲ್ಲಿಟ್ಟೆ. ಅಮ್ಮನ ತುಟಿಯಲ್ಲಿ ಎಂದಿನಂತೆ ಪದ್ಯ ಓಡುತ್ತಿತ್ತು.

ಚಿಕ್ಕಪ್ಪ ಇಸ್ತ್ರಿ ಅಂಗಿ ತೊಟ್ಟು ಬಂದ. ಕಾರು ನೋಡಿ ನಿಂತೇಬಿಟ್ಟ.

"ಏನಮ್ಮ ಇದು?"

"ಎದ್ದು ಕಾಣ್ತಿಲ್ವಾ?"

"ಆ ಡಬ್ಬ ನಾನು ತಗೊಂಡಿಲ್ಲ..."

"ಡಬ್ಬದ ಮಾತು ಯಾರೆತ್ತಿದ್ರು? ಕುಂಬಳಕಾಯಿ ಕಳ್ಳ ಅನ್ನೋಕೆ ಮುಂಚೇನೇ ಹೆಗಲು ಮುಟ್ಟಿ ನೋಡ್ಕೋತೀರಲ್ಲ ಚಿಕ್ಕಪ್ಪ!"

ಅವನ ಕೈ ನಿಜಕ್ಕೂ ಹೆಗಲ ಬಳಿ ಬೆವರು ಒರೆಸುತ್ತಿತ್ತು.

"ಕಪ್ಪು ಹೊಡೆದ್ಬಿಡು ಮಗಳೇ. ಹತ್ತು ನಿಮಿಷದ ಕೆಲಸ."

"ಬಿಚ್ಚದೆ ಬಳಿಯೋದನ್ನ ನಮ್ಮಪ್ಪ ಕಲಿಸ್ಲಿಲ್ಲ."

ತಿರುವಿನಲ್ಲಿ ಸಂಘದವರ ಮಾತು, ನಗು ಕೇಳಿಸಿತು. ಎಲ್ಲ ಹಳಬರು, ಅಂದು ಡಬ್ಬದ ಸುತ್ತ ನಿಂತವರು.

ಚಿಕ್ಕಪ್ಪ ಅಮ್ಮನ ಕಾಲ ಬಳಿ ಕುಕ್ಕರಿಸಿದ. "ಅತ್ತಿಗೆ, ದಿನಾ ದೇವರ ಪದ್ಯ ಹೇಳೋರು ನೀವು. ಕ್ಷಮೆಗಿಂತ ದೊಡ್ಡದಿಲ್ಲ ಅಂತಿದ್ರಿ. ಒಂದು ಬಟ್ಟೆಯಾದ್ರೂ ಹೊದಿಸು ಅಂತ ಇವಳಿಗೆ ಹೇಳಿ."

ಅಮ್ಮ ಹಿಡಿದ ಸಾಲನ್ನು ಪೂರ್ತಿ ಮುಗಿಸಿದಳು. ಮಡಿಲಿನ ಕೋಲನ್ನು ಒಮ್ಮೆ ಸವರಿದಳು.

"ಹೇಳಲ್ಲ."