ಕಾಲುಚೀಲಕ್ಕೆ ಬಂದ ತಾಯ್ತನ

ನಾನು ಒಂದು ಕಾಲುಚೀಲ. ಹಾಗೆ ಹೇಳಿಕೊಳ್ಳುವಾಗಲೂ ನನಗೆ ಸ್ವಲ್ಪ ಅನುಮಾನವೇ. ಯಾಕೆಂದರೆ ಒಂದು ಕಾಲದಲ್ಲಿ ನನ್ನನ್ನು ನೋಡಿದವರು ಅಮ್ಮ ಎಂದೇ ನಂಬಿದ್ದರು. ನೋಡಿದವರು ಎಂದರೆ ಬಹಳ ಮಂದಿಯೇನಲ್ಲ, ಒಂದು ಗೂಬೆಮರಿ.

ಹುಟ್ಟಿದ್ದು ಯಂತ್ರದ ಹೊಟ್ಟೆಯಲ್ಲಿ, ಬಿಳಿ ಉಣ್ಣೆಯ ನೂಲಿನಿಂದ. ಜೊತೆಗೊಂದು ಅವಳಿಯೂ ಇತ್ತು. ಡಾಕ್ಟರ್ ಜಬೀನಾ ಅವರ ಯಜಮಾನರ ಕಾಲುಗಳನ್ನು ಇಬ್ಬರೂ ಹಂಚಿಕೊಂಡು ಒಂದಷ್ಟು ಚಳಿಗಾಲ ಕಳೆದೆವು. ಆಮೇಲೊಂದು ದಿನ ಒಗೆತದಲ್ಲಿ ಅವಳಿ ಮಾಯವಾಯಿತು. ಕಾಲುಚೀಲಗಳ ಕುಲದಲ್ಲಿ ಇದು ಮಾಮೂಲು, ಯಾರೂ ಪೊಲೀಸರಿಗೆ ದೂರು ಕೊಡುವುದಿಲ್ಲ. ಒಂಟಿಯಾದ ನನ್ನನ್ನು ಡಾಕ್ಟರಮ್ಮ ಹಳೇ ಬಟ್ಟೆಗಳ ಜೊತೆ ಗಂಟು ಕಟ್ಟಿ, ತಾವು ಕೆಲಸ ಮಾಡುವ ವನ್ಯಜೀವಿ ಆರೈಕೆ ಕೇಂದ್ರಕ್ಕೆ ಒಯ್ದರು. ಅಲ್ಲಿ ನೆಲ ಒರೆಸುತ್ತಾ ಸವೆಯುವುದೇ ನನ್ನ ಹಣೆಬರಹ ಎಂದುಕೊಂಡಿದ್ದೆ.

ಆ ಸೋಮವಾರ ಎರಡು ಜೀವಗಳು ಕೇಂದ್ರಕ್ಕೆ ಬಂದವು. ಒಂದು, ಪಶುವೈದ್ಯಕೀಯ ಓದುತ್ತಿದ್ದ ಇಂಚರ ಎಂಬ ಹುಡುಗಿ, ಕೆಲಸ ಕಲಿಯಲು. ಇನ್ನೊಂದು, ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆಯಲ್ಲಿ ಕೂತ ಗೂಬೆಮರಿ. ಮದುವೆ ಛತ್ರದ ಅಟ್ಟದಲ್ಲಿ ಸಿಕ್ಕಿತಂತೆ. ಮದುವೆಮನೆಯಲ್ಲಿ ಗೂಬೆ ಎಂದರೆ ಕೇಳಬೇಕೆ! ಗೂಡು ಕಿತ್ತು, ತಾಯಿಯನ್ನು ಓಡಿಸಿ, ಮರಿಯನ್ನು ಇಲ್ಲಿಗೆ ಸಾಗಿಸಿದ್ದರು.

ಡಾಕ್ಟರಮ್ಮ ಗಂಟಿನಿಂದ ನನ್ನನ್ನು ಎಳೆದರು. ಎರಡು ಕಪ್ಪು ಗುಂಡಿ ಹೊಲಿದು ಕಣ್ಣು ಮಾಡಿದರು, ಐಸ್‌ಕ್ರೀಮ್ ತಿನ್ನುವ ಮರದ ಚಮಚ ಮುರಿದು ಕೊಕ್ಕು ಇಟ್ಟರು, ಮುಖದ ಸುತ್ತ ಕಂದು ಬಟ್ಟೆಯ ಅಂಚು ಕಟ್ಟಿದರು. ಕಾಲಿನಿಂದ ಕೈಗೆ ನನಗೆ ಬಡ್ತಿಯಾಯಿತು. ಯಾಕೆ ಎಂದು ಮಾತ್ರ ಯಾರೂ ನನಗೆ ಹೇಳಲಿಲ್ಲ. ಇಂಚರಳಿಗೆ ಹೇಳಿದ್ದನ್ನು ಕೇಳಿಸಿಕೊಂಡೆ.

"ತಿನ್ನಿಸೋರನ್ನೇ ಮರಿ ತನ್ನ ಕುಲ ಅಂದ್ಕೊಳ್ಳುತ್ತೆ. ಮನುಷ್ಯರ ರೂಢಿ ಹತ್ತಿದ ಗೂಬೇನ ಹೊರಗೆ ಬಿಟ್ರೆ ಯಾರದ್ದೋ ಹೆಗಲ ಮೇಲೆ ಹೋಗಿ ಕೂರುತ್ತೆ. ಅವರು ದೊಣ್ಣೆ ತಗೋತಾರೆ. ಅದಕ್ಕೇ ಅಂಥದ್ದನ್ನ ನಾವು ಬಿಡೋದಿಲ್ಲ, ಸಾಯೋತನಕ ಪಂಜರವೇ. ಇದರ ಮುಂದೆ ಮುಖ ತೋರಿಸ್ಬೇಡ, ಮಾತಾಡ್ಬೇಡ, ಹೆಸರಿಡ್ಬೇಡ."

"ಹೆಸರೂ ಇಡಬಾರದಾ ಮೇಡಂ?"

"ಹೆಸರಿಟ್ರೆ ಕರೀಬೇಕು ಅನ್ಸುತ್ತೆ."

ಇಂಚರ ಎಂದರೆ ಹಕ್ಕಿಯ ಇಂಪಾದ ದನಿ. ಅಂಥ ಹೆಸರಿನವಳಿಗೆ ಹಕ್ಕಿಯ ಮುಂದೆ ಬಾಯಿ ಮುಚ್ಚಿಕೊಂಡಿರುವ ಕೆಲಸ! ಪಾಪ, ಅವಳಿಗೆ ಆ ಜಾಗದ ತಲೆಬುಡ ಅರ್ಥವಾಗಲಿಲ್ಲ. ಇಲ್ಲಿ ಮುದ್ದು ಮಾಡಿದರೆ ತಪ್ಪು, ಪ್ರಾಣಿ ಕಚ್ಚಲು ಬಂದರೆ ಎಲ್ಲರಿಗೂ ಖುಷಿ. ಆಮೆಗೆ ಇಟ್ಟ ಸೊಪ್ಪನ್ನು ಮುಳ್ಳುಹಂದಿಗೆ ಹಾಕಿ ಬೈಸಿಕೊಂಡಳು. ಮುಳ್ಳುಹಂದಿಯೇನೂ ಬೇಡ ಎನ್ನಲಿಲ್ಲ. ಎಡಚಿಯಾದ್ದರಿಂದ ನನ್ನನ್ನು ಎಡಗೈಗೆ ಹಾಕಿಕೊಂಡು, ಗಲಿಬಿಲಿಯಲ್ಲಿ ನನ್ನ ಮುಖ ತನ್ನ ಕಡೆಗೆ ತಿರುಗಿಸಿದಳು. ಮೊದಲ ಊಟದ ಹೊತ್ತು ಗೂಬೆಮರಿಗೆ ಕಂಡದ್ದು ತಾಯಿಯ ಬೆನ್ನು ಮಾತ್ರ. ನನಗೂ ಏನು ಮಾಡಬೇಕೆಂದು ತಿಳಿಯದು. ಕೊನೆಗೆ ಅವಳೇ ತಪ್ಪು ಕಂಡು ನನ್ನ ಮುಖವನ್ನು ಮರಿಯ ಕಡೆಗೆ ತಿರುಗಿಸಿದಳು. ಮರಿ ನನ್ನ ಕೊಕ್ಕಿಗೆ ಕೊಕ್ಕು ತಾಗಿಸಿ ಮಾಂಸದ ಚೂರು ನುಂಗಿದಾಗ, ನನ್ನೊಳಗೆ ಅವಳ ಬೆರಳುಗಳು ಬೆಚ್ಚಗಾದವು. ನನಗೂ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ವಾರದ ನಡುವೆ ಒಂದು ಬೆಳಿಗ್ಗೆ ಮರಿ ಮುಖ ತಿರುಗಿಸಿಬಿಟ್ಟಿತು. ತಿನ್ನಲೊಲ್ಲದು, ಬಲಿಯದ ರೆಕ್ಕೆ ಬಡಿಯುತ್ತದೆ. ಡಾಕ್ಟರಮ್ಮ ಪಕ್ಕದ ಕೋಣೆಯಲ್ಲಿ ಲಾರಿಗೆ ಸಿಕ್ಕಿದ ಪುನುಗುಬೆಕ್ಕಿಗೆ ಹೊಲಿಗೆ ಹಾಕುತ್ತಿದ್ದರು. ಇಂಚರ ಬಾಗಿಲಲ್ಲೇ ನಿಂತು ಕೇಳಿದಳು.

"ಮೇಡಂ, ಗೂಬೆಮರಿ ತಿಂತಾನೇ ಇಲ್ಲ, ರೆಕ್ಕೆ ಬಡೀತಿದೆ. ಏನ್ಮಾಡ್ಲಿ?"

"ಬಿಟ್ಬಿಡು."

"ಈಗ್ಲೇನಾ ಮೇಡಂ?"

"ಈಗ್ಲೇ ಬಿಡಮ್ಮ! ಮತ್ತೆ ಮತ್ತೆ ಕೇಳ್ಬೇಡ."

ಆ ಕೇಂದ್ರದಲ್ಲಿ 'ಬಿಡು' ಎಂಬುದು ದೊಡ್ಡ ಮಾತು. ಹದ್ದು ಬಿಟ್ಟೆವು, ನಾಳೆ ಹಾವು ಬಿಡೋಣ ಎಂದು ಬಂದಾಗಿನಿಂದ ಅದನ್ನೇ ಕೇಳಿದ್ದಳು. ಗೂಬೆಯನ್ನು ಹಾಡಹಗಲಲ್ಲಿ ಬಿಡುತ್ತಾರೆಯೇ ಎಂಬ ಅನುಮಾನ ಅವಳಿಗೂ ಬಂದಿರಬೇಕು, ಹೆಜ್ಜೆ ತಡವರಿಸಿತು. ಆದರೆ ಎರಡು ಸಲ ಕೇಳಿಯಾಗಿತ್ತು. ಮೂರನೇ ಸಲ ಕೇಳುವ ಧೈರ್ಯ ಎಲ್ಲಿಂದ ತರುವುದು? ಪೆಟ್ಟಿಗೆಯನ್ನು ಹಿತ್ತಲಿನ ಹೊಂಗೆಮರದ ಕೆಳಗೆ ಒಯ್ದು ತೆರೆದಳು.

ಮರಿ ಕುಪ್ಪಳಿಸಿತು, ಎರಡು ಮಾರು ತೇಲಿತು, ಲಂಟಾನದ ಪೊದೆಗೆ ಬಿತ್ತು. ಕಾಗೆಗಳಿಗೆ ಅಷ್ಟೇ ಸಾಕಾಯಿತು. ಒಂದು ಕೂಗಿತು, ಆಮೇಲೆ ಮರವೆಲ್ಲ ಕಾಗೆಯಾಯಿತು. ಇಂಚರ ಮುಖಕ್ಕೆ ಕಟ್ಟಿದ್ದ ಬಟ್ಟೆ ಕಿತ್ತೆಸೆದು ಓಡಿದಳು. "ಬಾರೋ ಕಂದಾ, ಬಾರೋ!" ಎಂದು ಅಳುತ್ತಾ ಕರೆದಳು. ಅವಳು ಕರೆದಷ್ಟೂ ಮರಿ ಒಳಕ್ಕೆ ಸರಿಯಿತು. ನನ್ನನ್ನು ತೋರಿಸು ಮಾರಾಯ್ತಿ ಎಂದು ಕಿರುಚೋಣವೆಂದರೆ ನನಗೆ ಗಂಟಲಿಲ್ಲ. ಕೊನೆಗೆ ಮುಳ್ಳಿಗೆ ಅಡ್ಡವಾಗಲಿ ಎಂದು ನಾನಿನ್ನೂ ಇದ್ದ ಎಡಗೈ ಮುಂದೆ ಚಾಚಿದಳು. ಮರಿ ನನ್ನನ್ನು ನೋಡಿತು. ತೆವಳಿಕೊಂಡು ಬಂದು ನನ್ನ ಕೊಕ್ಕು ಹಿಡಿದುಕೊಂಡಿತು. ಅವಳು ಬಾಚಿ ಎದೆಗವಚಿಕೊಂಡಳು.

ಕಾಗೆಗಳ ಗಲಾಟೆಗೆ ಡಾಕ್ಟರಮ್ಮ ಹೊರಗೆ ಬಂದಿದ್ದರು.

"ನೀವೇ ಬಿಡು ಅಂದ್ರಲ್ಲ ಮೇಡಂ..."

"ಅದರ ಪಾಡಿಗೆ ಅದನ್ನ ಬಿಡು ಅಂದೆ ಕಣೇ! ಹಸಿವಾದ್ರೆ ತಾನೇ ತಿನ್ನುತ್ತೆ ಅಂತ! ಈಗ ನನ್ನ ಮೇಲೇ ಗೂಬೆ ಕೂರಿಸ್ತೀಯಾ?"

ನಿಜವಾದ ಗೂಬೆ ಅಲ್ಲೇ ಅವಳ ತೋಳಲ್ಲಿತ್ತು. ಯಾರೂ ನಗಲಿಲ್ಲ.

ಡಾಕ್ಟರಮ್ಮ ದನಿ ತಗ್ಗಿಸಿದರು. "ನಿನ್ನ ಮುಖ ನೋಡ್ತಾ? ದನಿ ಕೇಳ್ತಾ?" ಇಂಚರ ಹೌದೆಂದು ತಲೆಯಾಡಿಸಿದಳು. "ಅಪ್ಪಿಕೊಂಡೂ ಬಂದಿದೀಯ. ನಿನಗೆ ಅಂಟಿಕೊಂಡಿದ್ರೆ ಇದರ ಕಥೆ ಮುಗೀತು. ಶನಿವಾರ ಪರೀಕ್ಷೆ ಮಾಡಿ ನೋಡೋಣ."

ಅಲ್ಲಿಂದ ನಾನು ಡಾಕ್ಟರಮ್ಮನ ಕೈ ಸೇರಿದೆ. ಇಂಚರಳಿಗೆ ಬಕೆಟ್ ತೊಳೆಯುವ ಕೆಲಸ. ಒಂದು ಮಧ್ಯಾಹ್ನ ನನ್ನನ್ನು ಸೋಪಿನಲ್ಲಿ ತಿಕ್ಕುತ್ತಾ ಕೇಳಿದಳು: "ಅದು ನಿನ್ನ ನೋಡಿ ಬಂತೋ, ನನ್ನ ನೋಡಿ ಬಂತೋ?" ನನಗೂ ಅದೇ ಪ್ರಶ್ನೆ. ಕೈಯಿಲ್ಲದೆ ನಾನು ಬರಿಯ ಬಟ್ಟೆ, ನಾನಿಲ್ಲದೆ ಕೈ ಬರಿಯ ಕೈ. ಮರಿ ಯಾರನ್ನು ನಂಬಿತ್ತು?

ಶನಿವಾರ ಡಾಕ್ಟರಮ್ಮ ಮುಖ ಮುಚ್ಚಿಕೊಂಡು, ನನ್ನನ್ನು ಬೆನ್ನ ಹಿಂದೆ ಇಟ್ಟುಕೊಂಡು ಗೋಡೆಯ ಬಳಿ ನಿಂತರು. ಇಂಚರ ಬರಿಯ ಮುಖದಲ್ಲಿ ಒಳಗೆ ಹೋಗಿ, ಅವತ್ತಿನದೇ ದನಿಯಲ್ಲಿ ಕರೆಯಬೇಕಿತ್ತು.

"ಬಾರೋ ಕಂದಾ."

ಮರಿ ತಲೆ ತಿರುಗಿಸಿತು. ಅವಳ ಕಡೆಗೆ ಒಂದು ಹೆಜ್ಜೆ ಇಟ್ಟಿತು. ಡಾಕ್ಟರಮ್ಮನ ಬೆರಳು ನನ್ನೊಳಗೆ ಬಿಗಿಯಾಯಿತು. ಅಷ್ಟರಲ್ಲಿ ಮರಿ ರೆಕ್ಕೆ ಅಗಲಿಸಿ, ಕುಕ್ಕರಿನ ಹಾಗೆ ಬುಸ್ಸೆಂದು, ಅಂಗಾತ ಬಿದ್ದು ಉಗುರು ಮೇಲೆತ್ತಿತು. ಬಂದರೆ ಸಿಗಿಯುತ್ತೇನೆ ಎಂಬ ಭಂಗಿ.

"ಮೇಡಂ, ನನ್ನ ಕಂಡ್ರೆ ಆಗ್ತಿಲ್ಲ ಅದಕ್ಕೆ!" ಇಂಚರ ಬಾಯಿ ಮುಚ್ಚಿಕೊಂಡು ನಕ್ಕಳು, ನಗುತ್ತಲೇ ಅತ್ತಳು. ಡಾಕ್ಟರಮ್ಮ ಅವಳ ಬೆನ್ನು ತಟ್ಟಿ ಹೊರಗೆ ಕಳಿಸಿ, ನನ್ನನ್ನು ಮುಂದೆ ಚಾಚಿದರು. ಮರಿ ಎದ್ದು ಬಂದು ಬಾಯಿ ತೆರೆಯಿತು. ನಾನೇ ಗೆದ್ದೆ ಎಂದುಕೊಂಡೆ. ಹೊರಗೆ ಅಳುತ್ತಿದ್ದವಳ ಬಗ್ಗೆ ಹೆಚ್ಚು ಯೋಚಿಸಲಿಲ್ಲ. ಸಂತೋಷಕ್ಕೆ ಅಳುತ್ತಾಳೆ ಎಂದೇ ಎಲ್ಲರ ಹಾಗೆ ನಾನೂ ತಿಳಿದೆ.

ಇಂಚರ ಹೋಗಿ ಎಷ್ಟೋ ಕಾಲವಾಯಿತು. ಈಗ ನಾನು ಔಷಧಿ ಬೀರುವಿನ ಪಕ್ಕದ ಮೊಳೆಯಲ್ಲಿ ನೇತಾಡುತ್ತೇನೆ, ಹುಳು ತಿಂದು ಅಲ್ಲಲ್ಲಿ ತೂತು. ಕಣ್ಣು ಒಂದೇ ಉಳಿದಿದೆ. ಮರಿಗೆ ರೆಕ್ಕೆ ಬಲಿತು, ಇಲಿ ಹಿಡಿಯುವುದು ಬಂದ ಮೇಲೆ ಒಂದು ದಿನ ನಾನು ತುತ್ತು ಹಿಡಿದು ಹತ್ತಿರ ಹೋದೆ. ಅದು ನನ್ನನ್ನು ನೋಡಿ ಬುಸ್ಸೆಂದಿತು. ಹಾರಿ ಬಂದು ಪರಚಿ, ಗುಂಡಿ ಕಿತ್ತುಹಾಕಿತು. "ಶಭಾಷ್, ಇನ್ನು ಇದಕ್ಕೆ ಅಮ್ಮ ಬೇಕಾಗಿಲ್ಲ" ಎಂದರು ಡಾಕ್ಟರಮ್ಮ, ಮುಖ ತುಂಬ ನಗು. ನನಗೂ ಸಂತೋಷವಾಯಿತು. ಆದರೆ ಆ ಶನಿವಾರ ಇಂಚರ ಅತ್ತದ್ದರಲ್ಲಿ ಅರ್ಧ ಸಂತೋಷವಾಗಿರಲಿಲ್ಲ ಎಂಬುದು ಅವತ್ತು ಗೊತ್ತಾಯಿತು.